ಬಾಲ, ಕಿವಿ, ದನಿ

ನಾಯಿಯ ಬಾಲಕ್ಕೆ ಕನ್ನಡದಲ್ಲಿ ಎಷ್ಟೊಂದು ಕೆಲಸವಿದೆ ನೋಡಿ. ಅತಿಯಾಗಿ ಆಡುವವನಿಗೆ ‘ಬಾಲ ಬಿಚ್ಚಬೇಡ’ ಎನ್ನುತ್ತೇವೆ. ಸೋತವನು ಬಾಲ ಮುದುರಿಕೊಂಡು ಹೋಗುತ್ತಾನೆ. ಸಾಹೇಬರ ಹಿಂದೆ ಸುತ್ತುವವನು ಬಾಲ ಅಲ್ಲಾಡಿಸುತ್ತಾನೆ. ತಿದ್ದಲಾಗದವನ ವಿಷಯ ಬಂದರೆ ‘ನಾಯಿ ಬಾಲ ಡೊಂಕು’ ಎಂದು ಮಾತು ಮುಗಿಸುತ್ತೇವೆ. ಸೊಕ್ಕು ಇಳಿಸಬೇಕಾದಾಗ ‘ಬಾಲ ಕತ್ತರಿಸುತ್ತೇನೆ’ ಎಂದು ಗದರುತ್ತೇವೆ. ಕಿವಿ ನಿಮಿರುವುದು, ಬೊಗಳುವ ನಾಯಿ ಕಚ್ಚದಿರುವುದು ಬೇರೆಯೇ ಇವೆ. ನಾಯಿಯನ್ನು ಎಂದೂ ಸಾಕದ ಕನ್ನಡಿಗನಿಗೂ ಅದು ಬಾಲದಿಂದ, ಕಿವಿಯಿಂದ, ದನಿಯಿಂದ ಮಾತಾಡುತ್ತದೆ ಎಂಬುದು ಗೊತ್ತು.

ಕಾಯಿಲೆ ಏನೂ ಇಲ್ಲದೆಯೂ ಸಾಕುನಾಯಿಗೆ ಮಾಡಿಸುವ ಆಪರೇಷನ್‌ಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಇದೇ. ಬಾಲ ಕತ್ತರಿಸುವುದು. ಕಿವಿ ಕತ್ತರಿಸಿ ನಿಲ್ಲಿಸುವುದು. ಬೊಗಳದಂತೆ ಸ್ವರತಂತು ಕತ್ತರಿಸುವುದು. ಕತ್ತರಿ ಹೋಗುವುದು ಸರಿಯಾಗಿ ಆ ಮೂರು ಜಾಗಕ್ಕೇ.

ಈ ಪಟ್ಟಿ ಮಾಡುವ ಸಂದರ್ಭ ಬಂದದ್ದು ಹೋದ ವರ್ಷ. ನಾವು ಪುಣೆಗೆ ಬಂದು ಹದಿನಾರು ವರ್ಷವಾಯಿತು. ಏಳನೇ ಮಹಡಿಯ ಮನೆ. ನಾನು, ಹೆಂಡತಿ, ಎಂಟನೇ ತರಗತಿಯ ಮಗಳು, ವರ್ಷದಲ್ಲಿ ಆರು ತಿಂಗಳು ಊರಿಂದ ಬಂದಿರುವ ಅವ್ವ, ಮತ್ತು ಚಿಗರಿ ಎಂಬ ಬೀಗಲ್ ನಾಯಿ. ಸಿಕ್ಕ ಸಿಕ್ಕಲ್ಲಿ ಹಾರುತ್ತದೆ ಎಂದು ಅವ್ವನೇ ಇಟ್ಟ ಹೆಸರು. ಅವ್ವ ಊರಿಗೆ ಹೋದ ತಿಂಗಳುಗಳಲ್ಲಿ, ಆಫೀಸಿಗೆ ವಾರಕ್ಕೆ ನಾಲ್ಕು ದಿನ ಬರಲೇಬೇಕು ಎಂಬ ನಿಯಮ ಶುರುವಾದ ಮೇಲೆ, ಚಿಗರಿ ಹಗಲಲ್ಲಿ ಬೊಗಳಲು ಶುರು ಮಾಡಿದಳು. ಬೀಗಲ್ ಬೊಗಳುವುದೆಂದರೆ ಬರೀ ಬೌ ಬೌ ಅಲ್ಲ, ಕತ್ತೆತ್ತಿ ಊಳಿಡುವಂಥ ಉದ್ದನೆಯ ದನಿ. ಕೆಳಗಿನ ಮನೆಯ ಕಾಕೂ ಅವರ ಯಜಮಾನರಿಗೆ ಪಾರ್ಶ್ವವಾಯು ಆಗಿತ್ತು. ಮಧ್ಯಾಹ್ನ ಒಂದು ಗಂಟೆ ಕಣ್ಣು ಮುಚ್ಚುವುದೇ ಅವರಿಗೆ ದೊಡ್ಡದು. ಕಾಕೂ ಎರಡು ಸಲ ಮೇಲೆ ಬಂದು ಹೇಳಿದರು, ಮೂರನೆಯ ಸಲ ಸೊಸೈಟಿಯ ಕಮಿಟಿಯಿಂದ ಈಮೇಲ್ ಬಂತು. ಅವರ ದೂರಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಪರಿಹಾರವೂ ಜೊತೆಗೇ ಬಂತು. ಕಮಿಟಿಯವರೊಬ್ಬರು ಲಿಫ್ಟಿನಲ್ಲಿ ಸಿಕ್ಕಾಗ, ತಮ್ಮ ಸಂಬಂಧಿಕರು ನಾಯಿಗೆ ‘ಚಿಕ್ಕದೊಂದು ಆಪರೇಷನ್’ ಮಾಡಿಸಿದ್ದಾರೆ, ಈಗ ಅದು ಕೆಮ್ಮಿದಂತೆ ಮಾತ್ರ ಸದ್ದು ಮಾಡುತ್ತದೆ, ಯಾರಿಗೂ ತೊಂದರೆ ಇಲ್ಲ ಎಂದರು. ಕೇಡಿನ ಮಾತಲ್ಲ ಅದು. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುವುದಕ್ಕಿಂತ ಇದು ವಾಸಿಯಲ್ಲವೇ ಎಂಬುದು ಅವರ ಲೆಕ್ಕ.

ರಾತ್ರಿ ಊಟದ ಹೊತ್ತಿಗೆ ಇದನ್ನು ಹೇಳಿದೆ. ಅವ್ವ ಫೋನಿನಲ್ಲಿದ್ದಳು, ಸ್ಪೀಕರ್ ಹಾಕಿತ್ತು.

“ಏನೋ ತಮ್ಮಾ, ಮೊದಲ ಅದು ಮೂಕ ಪ್ರಾಣಿ. ಅದರ ಬಾಯಿ ಇನ್ನೆಷ್ಟು ಮುಚ್ಚಸ್ತೀರೋ?” ಅಂದಳು.

ಮಗಳು ಮಾತ್ರ ಬೇರೆಯೇ ಪ್ರಶ್ನೆ ಕೇಳಿದಳು. “ಅಪ್ಪಾ, ಅವಳ ಗರ್ಭಕೋಶ ತೆಗೆಸಿದ್ವಲ್ಲ, ಆಗ ಅವಳನ್ನ ಕೇಳಿದ್ವಾ? ಅದು ಓಕೆ, ಇದು ಓಕೆ ಅಲ್ಲ ಅಂತ ಹೇಗೆ?”

ಅವ್ವನ ಮಾತು ಮನಸ್ಸಿಗೆ ತಾಗಿತು, ಮಗಳ ಪ್ರಶ್ನೆ ತಲೆಯಲ್ಲಿ ಕೂತಿತು. ಚಿಗರಿಗೆ ಒಂದೂವರೆ ವರ್ಷವಾದಾಗ ಸಂತಾನಹರಣ ಚಿಕಿತ್ಸೆ ಮಾಡಿಸಿದ್ದೆವು. ಆಗಲೂ ಅವಳು ಆರೋಗ್ಯವಾಗಿಯೇ ಇದ್ದಳು. ಒಪ್ಪಿಗೆ ಪತ್ರದಲ್ಲಿ ಸಹಿ ಹಾಕಿದ್ದು ನಾನು. ಹಾಗಾದರೆ ಒಂದು ಕತ್ತಿಗೆ ಹೂಂ, ಇನ್ನೊಂದಕ್ಕೆ ಊಹೂಂ ಎನ್ನುವುದು ಯಾವ ನ್ಯಾಯ? ಆ ಹಾಳೆಯ ಮೇಲಿನ ಪಟ್ಟಿ ಈ ಪ್ರಶ್ನೆಗೆ ಉತ್ತರ ಹುಡುಕಲು ಮಾಡಿದ್ದು.

ಮೊದಲು ಬಾಲ. ಬಾಕ್ಸರ್, ರಾಟ್‌ವೈಲರ್, ಡಾಬರ್‌ಮನ್, ಕಾಕರ್ ಸ್ಪೇನಿಯಲ್ ಮೊದಲಾದ ತಳಿಗಳಲ್ಲಿ ಮರಿ ಹುಟ್ಟಿ ಮೂರರಿಂದ ಐದು ದಿನವಾಗುವಷ್ಟರಲ್ಲಿ ಬಾಲ ಕತ್ತರಿಸುವುದು ರೂಢಿ. ಕಣ್ಣು ಕೂಡ ಬಿಟ್ಟಿರುವುದಿಲ್ಲ. ಹೆಚ್ಚಿನ ಕಡೆ ಅರಿವಳಿಕೆ ಇಲ್ಲ. ಅಷ್ಟು ಎಳೆಯ ಮರಿಗೆ ನೋವು ಗೊತ್ತಾಗದು ಎಂಬ ಹಳೆಯ ನಂಬಿಕೆ ಇದರ ಹಿಂದೆ ಇದೆ. ಬಾಲವೆಂದರೆ ಬೆನ್ನೆಲುಬಿನದೇ ಮುಂದುವರಿಕೆ: ಮೂಳೆ, ಸ್ನಾಯು, ನರ ಎಲ್ಲವೂ ಅದರಲ್ಲಿವೆ. ಕಾರಣಗಳು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಿವೆ. ರೋಮನ್ನರ ಕಾಲದ ಕೃಷಿ ಬರಹಗಾರ ಕೊಲುಮೆಲ್ಲ, ಬಾಲದ ತುದಿ ತೆಗೆದರೆ ನಾಯಿಗೆ ಹುಚ್ಚು ಹಿಡಿಯುವುದಿಲ್ಲ ಎಂದು ಬರೆದಿದ್ದಾನೆ. ಈಗ ಹೇಳುವ ಕಾರಣ, ದೊಡ್ಡದಾದ ಮೇಲೆ ಬಾಲಕ್ಕೆ ಗಾಯವಾಗದಿರಲಿ ಎಂಬುದು. ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬಾಲದ ಗಾಯ ತಪ್ಪಿಸಲು ಸುಮಾರು 500 ನಾಯಿಗಳ ಬಾಲ ಕತ್ತರಿಸಬೇಕು. ಪ್ರಾಜೆಕ್ಟಿನ ರಿಸ್ಕ್ ಪಟ್ಟಿಯಲ್ಲಿ ಇಂಥದ್ದೊಂದು ಸಾಲು ಬರೆದರೆ ನನ್ನ ಕ್ಲೈಂಟ್ ಅದನ್ನು ಓದಿ ನಗುತ್ತಾನೆ.

ಇತ್ತ, ಬಾಲ ಇಟ್ಟುಕೊಂಡ ನಾಯಿ ಅದರಿಂದ ಏನು ಮಾಡುತ್ತದೆ ಎಂಬುದನ್ನೂ ನೋಡಿದ್ದಾರೆ. ಇಟಲಿಯ ವಿಜ್ಞಾನಿಗಳು 2007ರಲ್ಲಿ 30 ನಾಯಿಗಳನ್ನು ಗಮನಿಸಿ ಹೇಳಿದ್ದು: ಯಜಮಾನನನ್ನು ಕಂಡಾಗ ಬಾಲ ತುಸು ಬಲಕ್ಕೆ ವಾಲಿ ಆಡುತ್ತದೆ, ಮೇಲೆ ಬೀಳುವಂಥ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ. ನಮಗೆ ‘ಬಾಲ ಅಲ್ಲಾಡಿಸಿತು’ ಎಂಬ ಒಂದೇ ವಾಕ್ಯ. ಅದರೊಳಗೆ ಇಷ್ಟು ವ್ಯಾಕರಣವಿದೆ.

ಎರಡನೆಯದು ಕಿವಿ. ಇದನ್ನು ನಾನು ಕಣ್ಣಾರೆ ನೋಡಿದ್ದು ಹೈದರಾಬಾದಿನಲ್ಲಿ, ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಮೂರು ತಿಂಗಳ ಡಾಬರ್‌ಮನ್ ಮರಿ, ಎರಡೂ ಕಿವಿಗೆ ಒಳಗೊಂದು ಆಸರೆ ಕೊಟ್ಟು ಬಿಳಿ ಟೇಪ್ ಸುತ್ತಿ ನೆಟ್ಟಗೆ ನಿಲ್ಲಿಸಿತ್ತು. ಮರಿ ಆಡಲು ಹೋಗುವುದು, ಕಿವಿ ಎಲ್ಲಿಗೋ ತಗುಲುವುದು, ಕುಂಯ್‌ಗುಟ್ಟಿ ಹಿಂದೆ ಸರಿಯುವುದು. ಸಾಮಾನ್ಯವಾಗಿ ಎರಡು ಮೂರು ತಿಂಗಳ ವಯಸ್ಸಿನಲ್ಲಿ ಅರಿವಳಿಕೆ ಕೊಟ್ಟು ಕಿವಿಯ ಅಂಚನ್ನು ಕತ್ತರಿಸುತ್ತಾರೆ. ಅಷ್ಟಕ್ಕೇ ಕಿವಿ ನಿಲ್ಲುವುದಿಲ್ಲವಾದ್ದರಿಂದ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಟೇಪ್ ಬದಲಾಯಿಸುತ್ತ ಇರಬೇಕು. ಮರಿ ಲೋಕವನ್ನು, ಬೇರೆ ನಾಯಿಗಳನ್ನು, ಮಕ್ಕಳನ್ನು ಪರಿಚಯ ಮಾಡಿಕೊಳ್ಳುವ ವಯಸ್ಸು ಅದು. “ಡಾಬರ್‌ಮನ್ ಅಂದಮೇಲೆ ಡಾಬರ್‌ಮನ್ ಥರ ಕಾಣಬೇಕಲ್ಲ” ಎಂದು ಆತ ಪ್ರೀತಿಯಿಂದಲೇ ಹೇಳಿದ. ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಹೇಳಿದ.

ಡಾಬರ್‌ಮನ್ ಥರ ಎಂದರೆ ಯಾವ ಥರ? ಈ ತಳಿಗೆ ಹೆಸರು ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅಪೋಲ್ಡಾ ಊರಿನಲ್ಲಿದ್ದ ಕಾರ್ಲ್ ಫ್ರೆಡ್ರಿಕ್ ಲೂಯಿಸ್ ಡಾಬರ್‌ಮನ್‌ನಿಂದ. ತೆರಿಗೆ ವಸೂಲಿಗೆ ಹೋಗುವಾಗ ಜೊತೆಗಿರಲಿ ಎಂದು ಆತ ಬೆಳೆಸಿದ ನಾಯಿ ಎನ್ನುತ್ತಾರೆ. ಇವತ್ತು ಅದೇ ಜರ್ಮನಿಯಲ್ಲಿ ಕಿವಿ ಕತ್ತರಿಸುವಂತಿಲ್ಲ. ಬಾಲವನ್ನೂ, ಬೇಟೆನಾಯಿಯಂಥ ವಿನಾಯಿತಿ ಬಿಟ್ಟರೆ, ಕತ್ತರಿಸುವಂತಿಲ್ಲ. ಅಲ್ಲಿನ ಬೀದಿಯಲ್ಲಿ ಜೋಲು ಕಿವಿಯ, ಉದ್ದ ಬಾಲದ ಡಾಬರ್‌ಮನ್‌ಗಳೇ ಓಡಾಡುತ್ತವೆ. ತವರೇ ಬಿಟ್ಟ ವೇಷವನ್ನು ನಾವು ಹಿಡಿದುಕೊಂಡಿದ್ದೇವೆ.

ಯುರೋಪಿನ ದೇಶಗಳ ಸಾಕುಪ್ರಾಣಿ ರಕ್ಷಣಾ ಒಪ್ಪಂದ 1987ರದು. ಅದರ ಹತ್ತನೆಯ ವಿಧಿ ಬಾಲ, ಕಿವಿ, ಸ್ವರ, ಉಗುರು, ಹಲ್ಲು ಇವುಗಳನ್ನು ಚಿಕಿತ್ಸೆಯ ಕಾರಣವಿಲ್ಲದೆ ತೆಗೆಯಬಾರದು ಎನ್ನುತ್ತದೆ. ಅಮೆರಿಕದ ಪಶುವೈದ್ಯರ ಸಂಘವೂ ಚೆಂದಕ್ಕಾಗಿ ಬಾಲ, ಕಿವಿ ಕತ್ತರಿಸುವುದನ್ನು ವಿರೋಧಿಸುತ್ತದೆ, ಆದರೆ ಅಲ್ಲಿ ಕಾನೂನು ಅಷ್ಟು ಬಿಗಿಯಿಲ್ಲ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಕಲಂ ಪ್ರಾಣಿಯ ಅಂಗಭಂಗ ಮಾಡುವುದು ಅಪರಾಧ ಎನ್ನುತ್ತದೆ. ದನಗಳ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು ನಿಗದಿತ ರೀತಿಯಲ್ಲಿ ನಡೆದರೆ ಅದಕ್ಕೆ ವಿನಾಯಿತಿ. ನಾಯಿಯ ಬಾಲ, ಕಿವಿ ಆ ವಿನಾಯಿತಿಯ ಪಟ್ಟಿಯಲ್ಲಿ ಇಲ್ಲ. ಮೊದಲ ಅಪರಾಧಕ್ಕೆ ಈ ಕಲಮಿನಡಿ 10ರಿಂದ 50 ರೂಪಾಯಿ ದಂಡ. 1960ರಲ್ಲಿ ಅದು ದುಡ್ಡೇ. ಈಗ ಆಸ್ಪತ್ರೆಯ ಎದುರು ಗಾಡಿ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚು ಕೊಡಬೇಕಾಗುತ್ತದೆ.

ಇನ್ನು ಮೂರನೆಯದು, ನಮ್ಮ ಮನೆ ಬಾಗಿಲಿಗೇ ಬಂದದ್ದು. ಬಾಯಿಯ ಮೂಲಕ ಸಲಕರಣೆ ಹಾಕಿಯೋ, ಗಂಟಲನ್ನು ಹೊರಗಿನಿಂದ ತೆರೆದೋ ಸ್ವರತಂತುವಿನ ಭಾಗವನ್ನು ತೆಗೆಯುತ್ತಾರೆ. ಇದರಿಂದ ನಾಯಿ ಬೊಗಳುವುದು ನಿಲ್ಲುವುದಿಲ್ಲ, ನಮಗೆ ಕೇಳುವುದು ಕಡಿಮೆಯಾಗುತ್ತದೆ ಅಷ್ಟೇ. ಗಾಯದ ಜಾಗದಲ್ಲಿ ಬೆಳೆಯುವ ಅಂಗಾಂಶ ಕೆಲವು ನಾಯಿಗಳಲ್ಲಿ ಉಸಿರಿನ ದಾರಿಯನ್ನೇ ಕಿರಿದಾಗಿಸುತ್ತದೆ. ಕೆಲವಕ್ಕೆ ತಿಂಗಳುಗಳ ನಂತರ ಒಡಕು ದನಿ ವಾಪಸ್ ಬರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2010ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿತು.

ಬೀಗಲ್‌ನ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಮೊಲದ ವಾಸನೆ ಹಿಡಿದು ಓಡುತ್ತ, ಹಿಂದೆ ದೂರದಲ್ಲಿರುವ ಬೇಟೆಗಾರನಿಗೆ ತಾನೆಲ್ಲಿದ್ದೇನೆಂದು ಕೂಗಿ ತಿಳಿಸಲೆಂದೇ ಇಂಗ್ಲೆಂಡಿನಲ್ಲಿ ಬೆಳೆಸಿದ ತಳಿ ಇದು. ಆ ದನಿಗಾಗಿಯೇ ತಲೆಮಾರುಗಳಿಂದ ಆರಿಸುತ್ತ ಬಂದರು. ನಾವೀಗ ಅದರ ಮುದ್ದು ಮುಖ ನೋಡಿ ಏಳನೇ ಮಹಡಿಗೆ ತಂದು, ದನಿ ಜಾಸ್ತಿಯಾಯಿತು ಎನ್ನುತ್ತೇವೆ.

ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಸರ್ವರ್ ಕೈಕೊಡುತ್ತಿದೆ ಎಂದು ಅಲರ್ಟ್ ಬರುತ್ತಿದ್ದರೆ ಅಲರ್ಟನ್ನೇ ಮ್ಯೂಟ್ ಮಾಡಿ ಟಿಕೆಟ್ ಕ್ಲೋಸ್ ಮಾಡಿದ ಹಾಗೆ. ಹೊಸದಾಗಿ ಸೇರಿದ ಹುಡುಗರೂ ಹಾಗೆ ಮಾಡುವುದಿಲ್ಲ.

ಹಾಗಾಗಿ ಅಲರ್ಟ್ ಯಾಕೆ ಬರುತ್ತಿದೆ ಎಂದು ಮೊದಲು ನೋಡಿದೆವು. ಹಾಲಿನಲ್ಲಿ ಒಂದು ಕ್ಯಾಮೆರಾ ಇಟ್ಟು, ಎರಡು ವಾರ ಹೊತ್ತು ಬರೆದುಕೊಂಡೆವು. ದಿನವಿಡೀ ಬೊಗಳುತ್ತಾಳೆ ಎಂದು ಎಲ್ಲರೂ ತಿಳಿದಿದ್ದೆವು, ಹಾಗಿರಲಿಲ್ಲ. ಹನ್ನೊಂದರಿಂದ ಎರಡರ ನಡುವೆ, ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತಾಗ, ಕೊರಿಯರ್ ಹುಡುಗರು ಎದುರು ಮನೆಯ ಬೆಲ್ ಒತ್ತಿದಾಗ. ಅವಳ ಹಾಸಿಗೆ ಮುಂಬಾಗಿಲ ಪಕ್ಕ ಇತ್ತು. ಒಳಗಿನ ಕೋಣೆಗೆ ಹೋಯಿತು. ಬೆಳಗಿನ ವಾಕಿಂಗ್ ಇಪ್ಪತ್ತು ನಿಮಿಷದಿಂದ ಮುಕ್ಕಾಲು ಗಂಟೆಯಾಯಿತು, ಅದೂ ಅವಳು ಮೂಸುತ್ತ ನಿಂತಲ್ಲಿ ನಾವೂ ನಿಲ್ಲುತ್ತ. ಮಧ್ಯಾಹ್ನ ಹನ್ನೆರಡಕ್ಕೆ ಬಂದು ಸುತ್ತಾಡಿಸುವ ಹುಡುಗನೊಬ್ಬ ಸಿಕ್ಕ. ಬೆಲ್ ಸದ್ದಾದರೆ ಬಾಗಿಲಿಗೆ ಓಡುವ ಬದಲು ಹಾಸಿಗೆಗೆ ಓಡಿದರೆ ತಿಂಡಿ ಸಿಗುತ್ತದೆ ಎಂಬ ಪಾಠವನ್ನು ಮಗಳು ಕಲಿಸಿದಳು. ನಾಲ್ಕು ತಿಂಗಳು ಹಿಡಿಯಿತು, ತಿಂಗಳಿಗೆ ಸಾಕಷ್ಟು ಖರ್ಚೂ ಆಯಿತು. ಬೊಗಳುವುದು ಪೂರ್ತಿ ನಿಂತಿಲ್ಲ. ಆದರೆ ಕಾಕೂ ಅವರ ಯಜಮಾನರು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಾರೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಈ ಎರಡೂ ಬದಿಯ ಮಾತು ಆಡುತ್ತದೆ: ಬೊಗಳುವುದು ನಾಯಿಯ ಸಹಜ ಗುಣ, ಅದನ್ನು ನೆರೆಹೊರೆ ಸಹಿಸಬೇಕು, ಆದರೆ ಸಾಕುವವರೂ ಅದನ್ನು ಸುಮ್ಮನಿರಿಸಲು ಆದಷ್ಟು ಪ್ರಯತ್ನ ಮಾಡಬೇಕು. ಎರಡನೆಯ ಅರ್ಧವನ್ನು ಮಾಡದೆ ಮೊದಲ ಅರ್ಧವನ್ನು ಮಾತ್ರ ಹಿಡಿದು ಕಮಿಟಿಯ ಎದುರು ವಾದಿಸುವ ನಾಯಿಪ್ರಿಯರನ್ನು ನಾನು ಕಂಡಿದ್ದೇನೆ. ಕೆಳಗಿನ ಮನೆಯಲ್ಲಿ ಮಲಗಿರುವ ಮನುಷ್ಯನೂ ಒಂದು ಜೀವವೇ.

ಮಗಳ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು.

ಸಂತಾನಹರಣವೂ ಆರೋಗ್ಯವಂತ ನಾಯಿಯ ದೇಹದಿಂದ ಅಂಗವನ್ನು ತೆಗೆಯುವುದೇ. ಅದರಲ್ಲಿ ನಮ್ಮ ಅನುಕೂಲವೂ ಇದೆ: ಮನೆಯಲ್ಲಿ ರಕ್ತದ ಕಲೆ ಇಲ್ಲ, ಕೆಳಗೆ ಗಂಡುನಾಯಿಗಳ ಗುಂಪು ಇಲ್ಲ, ಬೇಡದ ಮರಿಗಳಿಲ್ಲ. ನಾರ್ವೆಯಲ್ಲಿ ತಕ್ಕ ಕಾರಣವಿಲ್ಲದೆ ಸಾಕುನಾಯಿಗೆ ಇದನ್ನೂ ಮಾಡಿಸುವಂತಿಲ್ಲ. ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ತಳಿಗಳಿಗೆ ತೀರ ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚು ಎಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಆದ್ದರಿಂದ ‘ಎಲ್ಲರೂ ಮಾಡಿಸುತ್ತಾರೆ’ ಎಂಬುದು ಇದಕ್ಕೂ ಸಾಕಾದ ಕಾರಣವಲ್ಲ. ಆದರೆ ಇನ್ನೊಂದು ಕಡೆ, ಆಪರೇಷನ್ ಆಗದ ಹೆಣ್ಣುನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವಿದೆ. ಗೊತ್ತಾಗುವುದು ತಡವಾದರೆ ಪ್ರಾಣವೇ ಹೋಗುತ್ತದೆ. ಅದು ತಪ್ಪಿತು. ಅವಳು ಮೊದಲಿನಂತೆಯೇ ಓಡುತ್ತಾಳೆ, ಮೂಸುತ್ತಾಳೆ, ಮುನಿಸಿಕೊಳ್ಳುತ್ತಾಳೆ. ತೆಗೆದುಕೊಂಡದ್ದಕ್ಕೆ ಬದಲಾಗಿ ಅವಳಿಗೇ ಏನೋ ಒಂದು ಸಿಕ್ಕಿದೆ.

ಬೀದಿನಾಯಿಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಗೇಟಿನ ಬಳಿ ಇರುವ ಮೂರೂ ನಾಯಿಗಳ ಕಿವಿಯ ತುದಿ ಒಂದಿಷ್ಟು ಕತ್ತರಿಸಿದೆ. ಅದೂ ಕಿವಿಗೆ ಹಾಕಿದ ಕತ್ತರಿಯೇ. ಆದರೆ ಅದು ಸಂತಾನಹರಣದ ಹೊತ್ತಿಗೆ, ಅರಿವಳಿಕೆಯಲ್ಲಿರುವಾಗಲೇ ಮಾಡಿದ ಗುರುತು. ಇದನ್ನು ಮತ್ತೆ ಹಿಡಿಯಬೇಡಿ, ಮತ್ತೆ ಹೊಟ್ಟೆ ಕೊಯ್ಯಬೇಡಿ ಎಂದು ಮುಂದಿನವರಿಗೆ ಹೇಳುವ ಗುರುತು. ಹೈದರಾಬಾದಿನ ಮರಿಯ ಕಿವಿಯನ್ನು ಕತ್ತರಿಸಿದ್ದು ನೋಡುವವರಿಗಾಗಿ. ಈ ಬೀದಿನಾಯಿಯ ಕಿವಿ ತನ್ನ ಮೈಯನ್ನು ಇನ್ನೊಂದು ಕತ್ತಿಯಿಂದ ಕಾಯುತ್ತದೆ.

ಅಂದಮೇಲೆ ಆಪರೇಷನ್ ಸಣ್ಣದೋ ದೊಡ್ಡದೋ, ಅಂಗ ಹೊರಗಿನದೋ ಒಳಗಿನದೋ ಎಂಬುದರ ಮೇಲೆ ನ್ಯಾಯ ನಿಂತಿಲ್ಲ. ನಾಯಿ ಒಪ್ಪಿಗೆ ಕೊಡಲಾರದು. ಅದಕ್ಕೆ ನಾವು ಸಹಿ ಹಾಕುತ್ತೇವೆ. ಬೇರೆಯವರ ಪರವಾಗಿ ಸಹಿ ಹಾಕುವವನು ಅವರ ಲಾಭವನ್ನು ನೋಡಬೇಕು, ತನ್ನದನ್ನಲ್ಲ. ಮೈನರ್ ಮಕ್ಕಳ ಆಸ್ತಿಗೆ ಸಹಿ ಹಾಕುವ ಸೋದರಮಾವನಿಗೂ ಇದೇ ನಿಯಮ. ಮಗಳಿಗೆ ನಾನು ಹೇಳಿದ್ದು ಇಷ್ಟೇ: “ಅವಳಿಂದ ಏನು ತಗೋತೀವಿ, ಅವಳಿಗೆ ಏನು ವಾಪಸ್ ಕೊಡ್ತೀವಿ, ಎರಡೂ ಬರೆದು ನೋಡು. ಎರಡನೇ ಕಾಲಮ್ಮಿನಲ್ಲಿ ನಮ್ಮ ಹೆಸರೇ ಬರ್ತಿದ್ರೆ ಸಹಿ ಹಾಕಬಾರದು.”

ಅವಳು ಪೂರ್ತಿ ಒಪ್ಪಲಿಲ್ಲ. “ಹಾಗಾದ್ರೆ ಹಚ್ ನಾಯಿ?” ಅಂದಳು. 2003ರ ಜಾಹೀರಾತಿನಿಂದ ಮನೆಮನೆಯ ಮಾತಾದ ಪಗ್ ಅದು. ಅವಳ ಗೆಳತಿಯ ಮನೆಯಲ್ಲಿದೆ. ಮೂಗಿನ ಹೊಳ್ಳೆ ಅಗಲ ಮಾಡಿಸಿ, ಗಂಟಲಿನ ಹೆಚ್ಚುವರಿ ಮಾಂಸ ತೆಗೆಸಿದ ಮೇಲೆ ಅದಕ್ಕೆ ಮಲಗಲು ಸಾಧ್ಯವಾಯಿತಂತೆ. ಆ ಆಪರೇಷನ್ ನಾಯಿಗಾಗಿಯೇ, ಸಂಶಯವಿಲ್ಲ. ಆದರೆ ಚಪ್ಪಟೆ ಮುಖ ಬೇಕು ಎಂದು ತಲೆಮಾರುಗಟ್ಟಲೆ ಆರಿಸಿ ಉಸಿರು ಕಟ್ಟಿಸಿದವರೂ ಮನುಷ್ಯರೇ. ಕತ್ತಿ ಹಿಡಿಯದೆಯೂ ಕತ್ತರಿಸಬಹುದು. ಅವಳ ಪ್ರಶ್ನೆಗೆ ನನ್ನ ಎರಡು ಕಾಲಮ್ ಸಾಲುವುದಿಲ್ಲ ಎಂದು ಒಪ್ಪಿಕೊಂಡೆ.

ಈಗ ಅವ್ವ ಮತ್ತೆ ಬಂದಿದ್ದಾಳೆ. ಅವಳಿಗೆ ಹಿಂದಿ ಬಾರದು, ಮರಾಠಿ ಅಷ್ಟಿಷ್ಟು ತಿಳಿಯುತ್ತದೆ, ಆಡಲು ಬಾರದು. ನಾವೆಲ್ಲ ಹೊರಟುಹೋದ ಮೇಲೆ ಈ ಕಟ್ಟಡದಲ್ಲಿ ಅವಳ ಜೊತೆ ಮಾತಾಡುವುದು ಚಿಗರಿ ಒಬ್ಬಳೇ. “ಯಾಕವಾ, ಹೊಟ್ಟಿ ಹಸೀತೇನು? ತಡೀ, ರೊಟ್ಟಿ ಆರಲಿ” ಎಂದು ಗದಗಿನ ಕನ್ನಡದಲ್ಲಿ ಇವಳು, ಬಾಲದಿಂದ, ಕಿವಿಯಿಂದ, ಗಂಟಲಲ್ಲೇ ಗುರುಗುಟ್ಟುತ್ತ ಅವಳು. ಕ್ಯಾಮೆರಾ ಇನ್ನೂ ತೆಗೆದಿಲ್ಲವಾದ್ದರಿಂದ ಮೀಟಿಂಗುಗಳ ನಡುವೆ ಒಮ್ಮೊಮ್ಮೆ ನೋಡುತ್ತೇನೆ. ಪರಊರಿನಲ್ಲಿ ತನ್ನ ಮಾತು ಅರ್ಥವಾಗುವ ಒಂದು ಜೀವ ಸಿಗುವುದು ಎಂದರೆ ಏನೆಂದು ಇದನ್ನು ಓದುತ್ತಿರುವ ನಿಮಗೆ ನಾನು ವಿವರಿಸಬೇಕಾಗಿಲ್ಲ.

ನಿಮ್ಮಲ್ಲಿ ಯಾರಾದರೂ ಮರಿ ತರುವ ಯೋಚನೆಯಲ್ಲಿದ್ದರೆ ಒಂದು ಮಾತು. ಮಾರುವವರು ‘ಬಾಲ, ಕಿವಿ ನಾವೇ ಮಾಡಿಸಿ ಕೊಡುತ್ತೇವೆ’ ಎಂದರೆ, ಬೇಡ ಎಂದು ಹೇಳಿ, ಮುಂಚೆಯೇ ಹೇಳಿ. ಬಾಲದ ವಿಷಯದಲ್ಲಿ ನಿಮಗಿರುವ ಸಮಯ ಮೂರು ದಿನ ಮಾತ್ರ. ಎಷ್ಟು ಮಹಡಿಯ ಮನೆ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಕೆಳಗಿನ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ನೋಡಿ ತಳಿ ಆರಿಸಿ. ಮನೆಗೆ ತಕ್ಕ ನಾಯಿಯನ್ನು ತನ್ನಿ. ತಂದ ಮೇಲೆ ಮನೆಗೆ ತಕ್ಕಂತೆ ಅದನ್ನು ಕತ್ತರಿಸಬೇಡಿ.